ಅವ್ವನ ಪ್ರಶ್ನೆ, ಆರ್‌ಎನ್‌ಎ ಚರಿತ್ರೆ

2022ರ ಜೂನ್ ಕೊನೆಯ ವಾರ. ನಮ್ಮ ಪುಣೆಯ ಹಿಂಜವಡಿಯಲ್ಲಿರುವ ಜೆನ್ನೋವಾ ಸಂಸ್ಥೆಯ ಕೋವಿಡ್ ಲಸಿಕೆಗೆ ತುರ್ತು ಬಳಕೆಯ ಅನುಮತಿ ಸಿಕ್ಕಿತ್ತು. ಅದು ಭಾರತದಲ್ಲೇ ತಯಾರಾದ ಮೊದಲ ಎಂಆರ್‌ಎನ್‌ಎ ಲಸಿಕೆ. ಧಾರವಾಡದಿಂದ ಮಗರಪಟ್ಟಾದ ನಮ್ಮ ಮನೆಗೆ ಬಂದಿದ್ದ ಅವ್ವ ಸುದ್ದಿ ಕೇಳಿ, "ಇದರಿಂದ ಜೀನ್ ಬದಲಾಗ್ತಾವಂತ, ಖರೇ ಏನವಾ? ನಾಳೆ ನಿನ್ನ ಮಗಳಿಗೂ ಕೊಟ್ರ?" ಎಂದರು. ಎಂ.ಟೆಕ್ ಓದಿದ ನನಗೆ ಉತ್ತರ ಹೊಳೆಯಲಿಲ್ಲ. ಪಿಯುಸಿಯ ಜೀವಶಾಸ್ತ್ರ ಮರೆತೇಹೋಗಿತ್ತು. ಮತ್ತೆ ಓದಲು ಕೂತೆ.

ಡಿಎನ್‌ಎ ಎಂದರೆ ಟ್ರಂಕಿನಲ್ಲಿ ಭದ್ರವಾಗಿಟ್ಟ ಅಡುಗೆ ಪುಸ್ತಕ. ಅದು ಜೀವಕೋಶದ ನ್ಯೂಕ್ಲಿಯಸ್ ಬಿಟ್ಟು ಬರುವುದಿಲ್ಲ. ಅದರಿಂದ ಬರೆದುಕೊಂಡು ಹೊರಗೆ ತರುವ ಚೀಟಿ ಎಂಆರ್‌ಎನ್‌ಎ. ಚೀಟಿಯಲ್ಲಿದ್ದಂತೆ ಅಮೈನೋ ಆಮ್ಲಗಳನ್ನು ಒಂದೊಂದಾಗಿ ತಂದುಕೊಡುವುದು ಟಿಆರ್‌ಎನ್‌ಎ. ಅವನ್ನು ಜೋಡಿಸಿ ಪ್ರೊಟೀನ್ ಮಾಡುವ ಒಲೆ ರೈಬೋಸೋಮ್. ಆ ಒಲೆಯ ಮುಖ್ಯ ಭಾಗ ಆರ್‌ಆರ್‌ಎನ್‌ಎ.

ಜೀವಕೋಶದ ಆರ್‌ಎನ್‌ಎಯಲ್ಲಿ ಸುಮಾರು ಶೇ. 80ರಷ್ಟು ಆರ್‌ಆರ್‌ಎನ್‌ಎಯೇ. ಹಾಗಾಗಿ 1950ರ ದಶಕದಲ್ಲಿ ಹಲವು ವಿಜ್ಞಾನಿಗಳು ಪ್ರೊಟೀನಿನ ಸೂಚನೆಯೂ ಅದರಲ್ಲೇ ಇದೆ ಎಂದುಕೊಂಡಿದ್ದರು. ಸೂಚನೆ ಒಯ್ಯುವ ಚೀಟಿಯೇ ಬೇರೆ ಎಂದು ಬ್ರೆನರ್, ಜಾಕೋಬ್, ಮೆಸೆಲ್ಸನ್ 1961ರಲ್ಲಿ ತೋರಿಸಿದರು. ಅದರ ಪ್ರಮಾಣ ಶೇ. 5ರ ಆಸುಪಾಸು, ಕೆಲಸ ಮುಗಿದರೆ ಕರಗಿಹೋಗುತ್ತದೆ. ಅದಕ್ಕೇ ಅಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ.

ಈ ಚರಿತ್ರೆಯಲ್ಲಿ ಇಬ್ಬರು ಮಹಿಳೆಯರನ್ನು ನಾವು ನೆನೆಯಲೇಬೇಕು. ರೈಬೋಸೋಮಿನ ರಚನೆ ಬಿಡಿಸಿದ್ದಕ್ಕೆ ಇಸ್ರೇಲಿನ ಅದಾ ಯೋನತ್ 2009ರಲ್ಲಿ ನೊಬೆಲ್ ಪಡೆದರು. ಅದನ್ನು ಹಂಚಿಕೊಂಡವರಲ್ಲಿ ನಮ್ಮ ವೆಂಕಿ ರಾಮಕೃಷ್ಣನ್ ಒಬ್ಬರು. ಹಂಗೇರಿಯಲ್ಲಿ ಹುಟ್ಟಿದ ಕ್ಯಾಟಲಿನ್ ಕರಿಕೋ ಎಂಆರ್‌ಎನ್‌ಎಯನ್ನೇ ಔಷಧಿಯಾಗಿಸಲು ಹೊರಟಾಗ ಅನುದಾನ ಸಿಗಲಿಲ್ಲ; 1995ರಲ್ಲಿ ಹುದ್ದೆಯಲ್ಲೂ ಹಿಂಬಡ್ತಿ. ಆಕೆ ಬಿಡಲಿಲ್ಲ. ಹೊರಗಿನ ಎಂಆರ್‌ಎನ್‌ಎ ಕಂಡರೆ ದೇಹ ಕೆರಳುತ್ತಿತ್ತು. ಅದರ ಒಂದು ಅಕ್ಷರವನ್ನು ಸ್ವಲ್ಪ ಮಾರ್ಪಡಿಸಿದರೆ ಆ ಕೆರಳುವಿಕೆ ತಗ್ಗುತ್ತದೆ ಎಂದು ಡ್ರೂ ವೈಸ್‌ಮನ್ ಜೊತೆ 2005ರಲ್ಲಿ ತೋರಿಸಿದರು. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಎಂಆರ್‌ಎನ್‌ಎ ಬೇಗ ಕೆಡುವುದರಿಂದ ಮೊದಲ ಲಸಿಕೆಗಳಿಗೆ ಕಡುಶೀತಲ ಪೆಟ್ಟಿಗೆಗಳು ಬೇಕಿದ್ದವು. ಪುಣೆಯ ಲಸಿಕೆಯನ್ನು ಒಣಪುಡಿ ರೂಪದಲ್ಲಿ ತಯಾರಿಸಿದ್ದರಿಂದ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಸಾಕು. ಅಂದರೆ ಹಳ್ಳಿಯ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲೂ ಇಡಬಹುದು.

ಓದಿ ಮುಗಿಸಿ ಅವ್ವನಿಗೆ ಹೇಳಿದೆ: "ಚೀಟಿ ಒಲೆತನಕ ಅಷ್ಟ ಹೋಗತದ ಅವ್ವಾ, ಟ್ರಂಕ್ ಮುಟ್ಟೂದಿಲ್ಲ. ಜೀನ್ ಹೆಂಗಿದ್ವೋ ಹಂಗ ಇರತಾವ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಹಂಗಂತ ಮೊದಲ ಹೇಳಬಾರದಾ? ನಮ್ಮ ಓಣಿ ಮಂದಿಗೂ ಹೇಳ್ತೀನಿ."