ಹೆಂಚು ಕೆಂಪು, ಮಡಕೆ ಕಪ್ಪು ಯಾಕೆ?

ನಮ್ಮ ಗಡಿನಾಡಿನ ಹಳೆಯ ಕನ್ನಡ ಶಾಲೆಗಳಲ್ಲಿ ಅನೇಕಕ್ಕೆ ಹೆಂಚಿನ ಮಾಡು. ಈಗ ಒಂದೊಂದಾಗಿ ಹೆಂಚು ಇಳಿಯುತ್ತಿದೆ, ಕಾಂಕ್ರೀಟು ಏರುತ್ತಿದೆ. ಹಾಗೆ ಇಳಿಸಿ ಅಂಗಳದಲ್ಲಿ ರಾಶಿ ಹಾಕಿದ್ದ ಹೆಂಚುಗಳನ್ನು ನೋಡಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಹೆಂಚು ಕೆಂಪು. ಅಜ್ಜಿ ಸಂತೆಯಿಂದ ತಂದ ಹೊಸ ಬಿಸಲೆ ಕಪ್ಪು. ಎರಡೂ ಮಣ್ಣೇ ಅಲ್ವಾ?"

ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಹುಡುಕುತ್ತಾ ಹೋದಾಗ ಚರಿತ್ರೆಯ ಒಂದು ದೊಡ್ಡ ಪಾಠವೇ ಸಿಕ್ಕಿತು.

ಗುಟ್ಟು ಇರುವುದು ಮಣ್ಣಿನಲ್ಲಿರುವ ಕಬ್ಬಿಣದಲ್ಲಿ. ಆವಿಗೆಯೊಳಗೆ ಗಾಳಿ ಧಾರಾಳವಾಗಿದ್ದರೆ ಆ ಕಬ್ಬಿಣ ಆಮ್ಲಜನಕದೊಡನೆ ಸೇರಿ ಕೆಂಪು ಫೆರಿಕ್ ಆಕ್ಸೈಡ್ ಆಗುತ್ತದೆ. ಗಾಳಿಯನ್ನು ಕಟ್ಟಿ ಹಾಕಿದರೆ ಸೌದೆ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಹಸಿದ ಈ ಅನಿಲ ಮಣ್ಣಿನ ಆಕ್ಸೈಡಿನಿಂದಲೇ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕೆಂಪು ಹೋಗಿ ಬೂದು, ಕಪ್ಪು ಬರುತ್ತದೆ. ಹೊಗೆಯ ಮಸಿಯೂ ಸೇರಿ ಕಪ್ಪು ಗಾಢವಾಗುತ್ತದೆ. ಪಾಠಪುಸ್ತಕದ ಉತ್ಕರ್ಷಣ, ಅಪಕರ್ಷಣ ಎಂದರೆ ಇದೇ!

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಕೇರಳ, ಕರ್ನಾಟಕಗಳ ಬೃಹತ್ ಶಿಲಾಯುಗದ ಸಮಾಧಿಗಳಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆಗಳು ಸಿಗುತ್ತವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲೂ ಇಂಥವು ದೊರೆತವು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿಯಾಡದೆ ಕಪ್ಪು, ಹೊರಗೆ ಗಾಳಿ ತಾಗಿ ಕೆಂಪು ಎಂಬುದು ಇದಕ್ಕೆ ವಿದ್ವಾಂಸರು ಕೊಡುವ ಒಂದು ವಿವರಣೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ನಮ್ಮ ನಾಡಿನ ಕುಂಬಾರರು ಒಂದೇ ಬೆಂಕಿಯಲ್ಲಿ ಎರಡು ಬಣ್ಣ ತೆಗೆಯುತ್ತಿದ್ದರು!

ಹೊರಗಿನಿಂದಲೂ ಈ ವಿದ್ಯೆಯ ಫಲ ನಮ್ಮ ಕಡಲಿಗೆ ಬಂದಿದೆ. ನಮ್ಮ ಜಿಲ್ಲೆಯ ತೆಂಕಣ ಗಡಿಯಾಚೆಗಿನ ಏಳಿಮಲೆಗೆ ಚೀನಾದ ಹಡಗುಗಳು ಬರುತ್ತಿದ್ದವೆಂದು 14ನೇ ಶತಮಾನದ ಯಾತ್ರಿಕ ಇಬ್ನ್ ಬತೂತ ಹೇಳಿದ್ದಾನೆ. ಮಲಬಾರ್ ಕರಾವಳಿಯ ಹಳೆಯ ಬಂದರುಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಚೀನಾದ ಪ್ರಸಿದ್ಧ ಹಸಿರು ಪಿಂಗಾಣಿಯ ಬಣ್ಣವೂ ಕಬ್ಬಿಣದ್ದೇ. ಮೆರುಗಿನಲ್ಲಿ ನೂರಕ್ಕೆ ಒಂದೆರಡು ಪಾಲು ಕಬ್ಬಿಣ ಬೆರೆಸಿ, ಸುಮಾರು 1,250 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಗಾಳಿ ಕಡಿಮೆ ಮಾಡಿ ಸುಟ್ಟಾಗ ಬರುವ ಹಸಿರು ಅದು.

ಇನ್ನು ಕೆಂಪಿನ ಕಥೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅದನ್ನು ಕಟ್ಟಿದವರು ಜಾರ್ಜ್ ಪ್ಲೆಬ್‌ಸ್ಟ್. ಆಗ ಕಾಸರಗೋಡು, ಮಂಗಳೂರು ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಹೆಂಚಿಗೆ ಮಾತ್ರ ಗಡಿ ಇರಲಿಲ್ಲ! ಹಳೆಯ ಹೆಂಚಿನ ಬೆನ್ನಲ್ಲಿ 1865 ಎಂದು ಅಚ್ಚೊತ್ತಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ. ಆ ಹೆಂಚೇ ಅಷ್ಟು ಹಳೆಯದೆಂದು ತಿಳಿಯಬಾರದು.

ಇಂದಿನ ಪಿಂಗಾಣಿ ಕಲಾವಿದರು ಗ್ಯಾಸ್ ಭಟ್ಟಿ ಬಳಸುತ್ತಾರೆ. ಲೆಕ್ಕ ಮಾತ್ರ ಹಳೆಯದೇ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ಅದಕ್ಕಿಂತ ಕಡಿಮೆ ಕೊಟ್ಟರೆ ಅಪಕರ್ಷಣ. ಶಾಖ ಸುಮಾರು 900 ಡಿಗ್ರಿ ದಾಟುವವರೆಗೆ ಗಾಳಿ ಚೆನ್ನಾಗಿ ಬಿಡುತ್ತಾರೆ, ಮಣ್ಣಿನಲ್ಲಿರುವ ಕಸಕಡ್ಡಿ ಸುಟ್ಟುಹೋಗಬೇಕಲ್ಲ! ಬಳಿಕ ಹೊಗೆಗೂಡಿನ ಡ್ಯಾಂಪರನ್ನು ತುಸು ತಳ್ಳಿ ಮುಚ್ಚುತ್ತಾರೆ, ಇಲ್ಲವೇ ಬರ್ನರಿನ ಗಾಳಿಕಿಂಡಿ ಕಿರಿದು ಮಾಡುತ್ತಾರೆ. ಇಣುಕುಕಿಂಡಿಯಿಂದ ಮೆತ್ತಗಿನ ಜ್ವಾಲೆ ಹೊರಗೆ ನಾಲಿಗೆ ಚಾಚಿದರೆ ಕೆಲಸ ಸರಿಯಾಗಿದೆ ಎಂದರ್ಥ. ದಟ್ಟ ಕರಿಹೊಗೆ ಬಂದರೆ ಅತಿಯಾಯಿತು: ಶಾಖ ಏರುವುದಿಲ್ಲ, ಗ್ಯಾಸೂ ದಂಡ, ಪಾತ್ರೆಯೂ ಉಬ್ಬೀತು. ಇನ್ನೊಂದು ಎಚ್ಚರ: ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆದರೆ ಅದು ವಿಷ. ಸೋರಿದ ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಮಡುಗಟ್ಟುತ್ತದೆ. ಆದ್ದರಿಂದ ಇದು ಮುಚ್ಚಿದ ಕೋಣೆಯ ಕೆಲಸವಲ್ಲ, ಮಕ್ಕಳ ಆಟವೂ ಅಲ್ಲ.

ಆ ಹುಡುಗಿಯ ಪ್ರಶ್ನೆಯ ನೆಪದಲ್ಲಿ ನಾವೂ ಶಾಲೆಯಲ್ಲಿ ಆವೆಮಣ್ಣು ತಂದು ಪುಟ್ಟ ಕುಡಿಕೆಗಳನ್ನು ಮಾಡಿಸಿದೆವು. ಅಂಗಳದಲ್ಲಿ ತೆಂಗಿನ ಸಿಪ್ಪೆ, ಬೈಹುಲ್ಲು ಹಾಕಿ ಸುಟ್ಟೆವು. ಚೆನ್ನಾಗಿ ಒಣಗುವ ಮೊದಲೇ ಬೆಂಕಿ ಕೊಟ್ಟದ್ದರಿಂದ ಹೆಚ್ಚಿನವು ಪಟಪಟನೆ ಒಡೆದವು! ಉಳಿದದ್ದು ಮೂರು. ಬೂದಿಯಡಿ ಹೂತಿದ್ದ ಒಂದರ ಒಂದು ಮಗ್ಗುಲು ಕಪ್ಪಾಗಿತ್ತು, ಇನ್ನೊಂದು ಕೆಂಪು. ಪ್ರಶ್ನೆ ಕೇಳಿದ ಹುಡುಗಿ ಅದನ್ನು ತಾನೇ ಇಟ್ಟುಕೊಂಡಳು.

ನಮ್ಮ ಜಿಲ್ಲೆಯ ಮಡಿಕೈ ಪಂಚಾಯತಿನ ಎರಿಕುಳಂ ಕುಂಬಾರಿಕೆಗೆ ಹೆಸರಾದ ಊರು. ಕುಲಾಲ ಮನೆತನಗಳು ಗಡಿಯ ಎರಡೂ ಬದಿಗಳಲ್ಲಿವೆ. ಆದರೆ ಮಣ್ಣು ಸಿಗುವುದೇ ಈಗ ಕಷ್ಟ. ಗದ್ದೆಗಳನ್ನು ಉಳಿಸಲು ಕೇರಳ ಸರಕಾರ 2008ರಲ್ಲಿ ತಂದ ಕಾಯಿದೆಯಿಂದ ಗದ್ದೆಯ ಮಣ್ಣು ತೆಗೆಯುವುದಕ್ಕೆ ಕಟ್ಟುಪಾಡುಗಳಿವೆ. ಗದ್ದೆ ಉಳಿಯಲೇಬೇಕು, ನಿಜ. ಗದ್ದೆಯ ಮಣ್ಣನ್ನೇ ನಂಬಿದ ಕೈಗಳೂ ಉಳಿಯಬೇಡವೇ?

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಿದೆ. ಕಸುಬಿಗೂ ಅದು ಸಲ್ಲುತ್ತದೆ. ಆವಿಗೆಯ ಹೊಗೆ ನೋಡಿಯೇ ಶಾಖ ಹೇಳಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಮಕ್ಕಳನ್ನು ಒಮ್ಮೆ ಅವರ ಬಳಿ ಕರೆದುಕೊಂಡು ಹೋಗಿ. ಅವರು ಹೇಳುವ ಮಾತುಗಳನ್ನು, ಕನ್ನಡವೋ ತುಳುವೋ ಮಲಯಾಳವೋ, ಹಾಗೆಯೇ ಬರೆದಿಟ್ಟುಕೊಳ್ಳಲಿ. ಶಾಲೆಯ ಮಾಡು ಇಳಿಸುವಾಗ ಒಂದು ಹೆಂಚನ್ನಾದರೂ ತೆಗೆದಿಡಿ.