ಕಾಫಿ ತೋಟದ ಆಳುಗಳ ನಡುವಯಸ್ಸು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಆಳುಗಳ ನಡುವಯಸ್ಸು ಕೆಲಸದ ಹಂಚಿಕೆಯಲ್ಲೇ ಎದ್ದು ಕಾಣುತ್ತದೆ. ಏಣಿ ಹತ್ತಿ ನೆರಳುಮರದ ಕೊಂಬೆ ಸವರುವ ಮರಗಸಿ ಎಳೆಯ ಮೈಯ ಕೆಲಸ. 40 ದಾಟಿದವರು ಕಳೆ ತೆಗೆಯಲು, ಸಸಿಮಡಿಗೆ, ಕಣದ ಕಾವಲಿಗೆ ಸರಿಯುತ್ತಾರೆ. ಸ್ನಾಯುಬಲ ಕುಗ್ಗುತ್ತದೆ, ಹತ್ತಿರದ ನೋಟ ಮಂಜಾಗುತ್ತದೆ, ಮಂಡಿ ಸೊಂಟ ನೋಯತೊಡಗುತ್ತವೆ. ಹೆಂಗಸರಿಗೆ ಸಾಮಾನ್ಯವಾಗಿ 45ರಿಂದ 55ರೊಳಗೆ ಮುಟ್ಟು ನಿಂತು, ಮೂಳೆ ಬೇಗ ಸವೆಯುತ್ತದೆ. ಕುಯ್ದ ಹಣ್ಣಿನ ತೂಕಕ್ಕೆ ಕೂಲಿ ಕೊಡುವ ತೋಟದಲ್ಲಿ ಕೈ ನಿಧಾನವಾದಷ್ಟೂ ಬಟವಾಡೆ ಇಳಿಯುತ್ತದೆ.

ಹಿಂದೆ ಈ ವಯಸ್ಸನ್ನು ತೋಟದಲ್ಲೇ ಕಳೆಯುವ ಅವಕಾಶ ಹಲವರಿಗೆ ಇರಲಿಲ್ಲ. 19ನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ಕಾಡು ಕಡಿದು ತೋಟ ಮಾಡಿದಾಗ, ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತಂದರು. ಕುಯ್ಲಿಗೆ ಬಂದವರು ಮಳೆ ಹಿಡಿಯುವ ಹೊತ್ತಿಗೆ ಗದ್ದೆ ಕೆಲಸಕ್ಕೆ ಊರಿಗೆ ಇಳಿಯುತ್ತಿದ್ದರು. ಮೈ ಸೋತವರನ್ನು ಮರುವರ್ಷವೂ ಕರೆತರಬೇಕೆಂಬ ಕಟ್ಟಳೆ ಇರಲಿಲ್ಲ. ಅವರ ಮುಪ್ಪಿನ ಹೊರೆಯೆಲ್ಲ ಊರಿನ ಮೇಲೆ. ಮಲೆನಾಡಿನ ಚಳಿಜ್ವರವಂತೂ ಎಷ್ಟೋ ಜನರನ್ನು ನಡುವಯಸ್ಸಿನವರೆಗೂ ಉಳಿಸಲಿಲ್ಲ.

1951ರ ಪ್ಲಾಂಟೇಶನ್ ಕಾರ್ಮಿಕ ಕಾಯಿದೆ ವಸತಿ, ವೈದ್ಯಕೀಯ ಸೌಲಭ್ಯ, ಹೆರಿಗೆ ಭತ್ಯೆಗಳ ಹೊಣೆಯನ್ನು ಮಾಲೀಕರಿಗೆ ಹೊರಿಸಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, ಡಿಡಿಟಿ ಸಿಂಪಡಣೆಯಿಂದ ಜ್ವರ ಹಿಮ್ಮೆಟ್ಟಿತು. ಆಳುಗಳ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಸಂಸಾರಗಳು ನೆಲೆಯೂರಿ, ಅಲ್ಲೇ ಹುಟ್ಟಿದವರು ಅಲ್ಲೇ ಅಜ್ಜ ಅಜ್ಜಿಯರಾದರು.

ಮನಸ್ಸಿನ ಲೆಕ್ಕ ಮೈಯ ಹಾಗಲ್ಲ. ಚುರುಕು ತಗ್ಗಿದರೂ ಅನುಭವದ ತಿಳಿವಳಿಕೆ 60ರ ಆಸುಪಾಸಿನವರೆಗೂ ಗಟ್ಟಿಯಾಗಿರುತ್ತದೆ. ಯಾವ ಓರೆಯಲ್ಲಿ ಹಣ್ಣು ಮೊದಲು ಕೆಂಪಾಗುತ್ತದೆ, ಹೂಮಳೆ ತಪ್ಪಿದರೆ ಯಾವ ಪಟ್ಟೆಗೆ ಮೊದಲು ನೀರು ಹಾಯಿಸಬೇಕು ಎಂಬುದನ್ನು ಹಳೆಯ ಆಳುಗಳು ತೋಟದ ಲೆಕ್ಕ ಬರೆಯುವ ಹೊಸ ರೈಟರಿಗಿಂತ ಚೆನ್ನಾಗಿ ಬಲ್ಲರು. ಮುಂದಿನ ತಲೆಮಾರನ್ನು ಬೆಳೆಸುವ ಹಂಬಲವೇ ಈ ವಯಸ್ಸಿನ ತಿರುಳು ಎಂದು ಮನಃಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ 1950ರಲ್ಲಿ ಬರೆದರು. ಲೈನ್ ಮನೆಗಳಲ್ಲಿ ಆ ಹಂಬಲ ಮಕ್ಕಳನ್ನು ಓದಿಸಿ ತೋಟದಿಂದ ಆಚೆ ಕಳಿಸುವ ಹಟವಾಯಿತು, ಮತ್ತು ಬಹುಮಟ್ಟಿಗೆ ಗೆದ್ದಿತು. ಮಕ್ಕಳು ಬೆಂಗಳೂರು, ಮಂಗಳೂರು ಸೇರಿದರು. ಈಗ ಕುಯ್ಲಿಗೆ ಅಸ್ಸಾಮಿನಿಂದಲೂ ಜನ ಬರುತ್ತಾರೆ. ಹಳೆಯ ಲೈನುಗಳಲ್ಲಿ ಉಳಿದವರಲ್ಲಿ ನಡುವಯಸ್ಸಿನ ಹೆಂಗಸರೇ ಹೆಚ್ಚು.

ಹೀಗೆ ಮಕ್ಕಳನ್ನು ಆಚೆ ಕಳಿಸಿ ಗೆದ್ದವರಿಗೇ ಒಂದು ಪೆಟ್ಟೂ ಬಿದ್ದಿತು. ಲೈನ್ ಮನೆ ಕೆಲಸದ ಜೊತೆಗೆ ಬಂದದ್ದು. ಮನೆಯಲ್ಲಿ ಹಾಜರಿ ಹಾಕುವವರು ಯಾರೂ ಇಲ್ಲದಿದ್ದರೆ ಅದರ ಹಕ್ಕೂ ಸಡಿಲ. 1972ರ ಗ್ರಾಚುಯಿಟಿ ಕಾಯಿದೆ, 5 ವರ್ಷ ಸತತ ದುಡಿದವರಿಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಕೂಲಿ ಕೊಡಿಸಿತು. ನಿವೃತ್ತಿಯ ನಂತರದ ಸೂರಿನ ಮಾತು ಅದರಲ್ಲಿರಲಿಲ್ಲ.