ಕ್ಲಚ್ಚಿನಿಂದ ಹುಟ್ಟಿದ ಕಾರು: ನಿಜ ಎಷ್ಟು, ಕಥೆ ಎಷ್ಟು?



ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಅಕ್ಕಲಕೋಟ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳದ್ದೇ ಸಾಲು. ಹಂಗಾಮು ಮುಗಿಯುವ ಹೊತ್ತಿಗೆ ಊರ ಗ್ಯಾರೇಜಿನ ಮುಂದೆ ಒಂದೆರಡಾದರೂ ಟ್ರ್ಯಾಕ್ಟರು ನಡುವೆ ಸೀಳಿ ನಿಂತಿರುತ್ತವೆ. ಮುಂದಿನ ಗಾಲಿ, ಇಂಜಿನ್ ಒಂದು ಕಡೆ; ಗೇರ್ ಬಾಕ್ಸ್, ದೊಡ್ಡ ಗಾಲಿ ಇನ್ನೊಂದು ಕಡೆ. ಕ್ಲಚ್ ಪ್ಲೇಟ್ ಸವೆದಿದೆ ಎಂದೇ ಅದರ ಅರ್ಥ.

ನಮ್ಮ ಎಂಟನೇ ತರಗತಿಯಲ್ಲಿ ಆ ಗ್ಯಾರೇಜಿನ ಮಿಸ್ತ್ರಿಯ ಮಗನಿದ್ದಾನೆ. ತಂದೆ ಏನು ಮಾಡುತ್ತಾರೆ ಎಂದು ಕೇಳಿದರೆ ತಲೆ ತಗ್ಗಿಸುತ್ತಾನೆ. ಆದರೆ ಅವನ ನೋಟ್ ಬುಕ್ಕಿನ ಕೊನೆಯ ಪುಟದ ತುಂಬ ಲ್ಯಾಂಬೋರ್ಗಿನಿ ಕಾರಿನ ಚಿತ್ರಗಳು! ಒಂದು ದಿನ ಅದನ್ನು ನೋಡಿದ ನಾನು, ಹುಡುಗನಿಗೆ ಹುರುಪು ಬರಲಿ ಎಂದು, ಎಲ್ಲರೂ ಹೇಳುವ ಆ ಪ್ರಸಿದ್ಧ ಕಥೆಯನ್ನು ಹೇಳಿದೆ.

ಟ್ರ್ಯಾಕ್ಟರ್ ಮಾಡುತ್ತಿದ್ದ ಲ್ಯಾಂಬೋರ್ಗಿನಿ ಒಂದು ಫೆರಾರಿ ಕಾರು ಕೊಂಡರು. ಅದರ ಕ್ಲಚ್ ಪದೇ ಪದೇ ಹೋಗುತ್ತಿತ್ತು. ಬಿಚ್ಚಿ ನೋಡಿದರೆ ತಮ್ಮ ಟ್ರ್ಯಾಕ್ಟರಿಗೆ ಹಾಕುವಂಥದೇ ಕ್ಲಚ್! ಹೋಗಿ ಎಂಜೊ ಫೆರಾರಿಯವರಿಗೆ ಹೇಳಿದರು. ಟ್ರ್ಯಾಕ್ಟರ್ ಓಡಿಸುವವನಿಗೆ ಕಾರಿನ ವಿಷಯವೇನು ಗೊತ್ತು ಎಂಬ ಧಾಟಿಯಲ್ಲಿ ಅವರು ಅವಮಾನ ಮಾಡಿದರು. ಆ ಸಿಟ್ಟಿನಲ್ಲಿ ಇವರು ಸ್ವಂತ ಕಾರು ಕಂಪನಿಯನ್ನೇ ಕಟ್ಟಿದರು...

ತರಗತಿ ಚಪ್ಪಾಳೆ ತಟ್ಟಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೈ ಎತ್ತಿದಳು. "ಸರ್, ಅವರಿಬ್ಬರೂ ಮಾತಾಡೂ ಮುಂದ ಅಲ್ಲಿ ಯಾರಿದ್ರ್ರೀ? ನಮಗ ಹ್ಯಾಂಗ ಗೊತ್ತಾತ್ರೀ?"

ನನ್ನ ಬಳಿ ಉತ್ತರ ಇರಲಿಲ್ಲ. ಇತಿಹಾಸ ಕಲಿಸುವವನಿಗೆ ಇದಕ್ಕಿಂತ ನಾಚಿಕೆ ಯಾವುದಿದೆ? ಆಮೇಲೆ ಕೂತು ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಖಚಿತವಾಗಿ ಗೊತ್ತಿರುವ ಸಂಗತಿಗಳು. ಫೆರುಚ್ಚೊ ಲ್ಯಾಂಬೋರ್ಗಿನಿ ಹುಟ್ಟಿದ್ದು 1916ರ ಏಪ್ರಿಲ್ 28ರಂದು, ಇಟಲಿಯ ಚೆಂತೊ ಬಳಿಯ ರೆನಾತ್ಸೊ ಎಂಬ ಹಳ್ಳಿಯಲ್ಲಿ. ಮನೆಯವರು ದ್ರಾಕ್ಷಿ ಬೆಳೆಯುವ ರೈತರು. ಹುಡುಗನಿಗೆ ಹೊಲಕ್ಕಿಂತ ಹೊಲದ ಯಂತ್ರಗಳ ಮೇಲೆ ಪ್ರೀತಿ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ವಾಯುಪಡೆಗೆ ಸೇರಿ, ರೋಡ್ಸ್ ದ್ವೀಪದಲ್ಲಿ ಸೈನ್ಯದ ವಾಹನಗಳನ್ನು ರಿಪೇರಿ ಮಾಡುವ ಕೆಲಸಕ್ಕೆ ನಿಂತರು. ಯುದ್ಧದ ಕೊನೆಗೆ ಬ್ರಿಟಿಷರ ಸೆರೆಯಾದರು. ಬಿಡುಗಡೆಯಾಗಿ 1946ರಲ್ಲಿ ಊರಿಗೆ ಬಂದು ಒಂದು ಗ್ಯಾರೇಜು ಹಾಕಿದರು.

ಆಗ ಇಟಲಿಯ ರೈತರಿಗೆ ಟ್ರ್ಯಾಕ್ಟರು ಬೇಕಾಗಿತ್ತು, ಕೊಳ್ಳಲು ಹಣವಿರಲಿಲ್ಲ. ಸೈನ್ಯ ಬಿಟ್ಟುಹೋದ ವಾಹನಗಳು ಮಾತ್ರ ಗುಜರಿಯಲ್ಲಿ ರಾಶಿ ಬಿದ್ದಿದ್ದವು. ಲ್ಯಾಂಬೋರ್ಗಿನಿ ಆ ಬಿಡಿ ಭಾಗಗಳನ್ನೇ ಜೋಡಿಸಿ ಟ್ರ್ಯಾಕ್ಟರ್ ಮಾಡಿದರು. ಪೆಟ್ರೋಲ್ ದುಬಾರಿಯಾದ್ದರಿಂದ ಪೆಟ್ರೋಲಿನಲ್ಲಿ ಚಾಲೂ ಮಾಡಿ ಆಮೇಲೆ ಅಗ್ಗದ ಎಣ್ಣೆಯಲ್ಲಿ ಓಡಿಸುವ ಏರ್ಪಾಡನ್ನೂ ಮಾಡಿದರು. 1948ರಲ್ಲಿ ಟ್ರ್ಯಾಕ್ಟರ್ ಕಂಪನಿ ಶುರುವಾಯಿತು. ಹತ್ತು ಹನ್ನೆರಡು ವರ್ಷಗಳಲ್ಲಿ ಅವರು ದೊಡ್ಡ ಶ್ರೀಮಂತರಾದರು. ದುಬಾರಿ ಕಾರುಗಳನ್ನು ಕೊಂಡರು, ಅವುಗಳಲ್ಲಿ ಫೆರಾರಿ 250 ಜಿಟಿ ಕೂಡ ಇತ್ತು.

ಇನ್ನು ಕ್ಲಚ್ಚಿನ ವಿಷಯ. ಮಿಸ್ತ್ರಿಯವರನ್ನು ಕೇಳಿದಾಗ ಅವರು ಎರಡು ಸ್ಟೀಲ್ ತಟ್ಟೆ ಎದುರುಬದುರು ಹಿಡಿದು ನಡುವೆ ರಟ್ಟಿನ ಚೂರು ಇಟ್ಟು ತೋರಿಸಿದರು. ಒಂದು ತಟ್ಟೆ ಇಂಜಿನ್ ಜೊತೆ ಸದಾ ತಿರುಗುವ ಫ್ಲೈವೀಲ್. ಇನ್ನೊಂದು ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಶರ್ ಪ್ಲೇಟ್. ನಡುವಿನ ರಟ್ಟೇ ಗೇರ್ ಬಾಕ್ಸಿಗೆ ಸೇರಿದ ಕ್ಲಚ್ ಪ್ಲೇಟ್. ಪೆಡಲ್ ಒತ್ತಿದರೆ ಹಿಡಿತ ಸಡಿಲ, ಬಿಟ್ಟರೆ ಬಿಗಿ. ಸಡಿಲಕ್ಕೂ ಬಿಗಿಗೂ ನಡುವೆ ಪ್ಲೇಟು ಜಾರುತ್ತ ಉಜ್ಜುತ್ತದೆ, ಕಾಯುತ್ತದೆ, ಸವೆಯುತ್ತದೆ. "ಹಾಫ್ ಕ್ಲಚ್ ಹಿಡದು ಏರು ಹತ್ತಿಸಿದ್ರ ಯಾವ ಪ್ಲೇಟು ತಡೀತೈತ್ರೀ ಸರ್?" ಎಂದರು.

ಓಟದ ಕಾರಿನ ಕಷ್ಟವೂ ಇದೇ. ಮೊದಲ ಗೇರೇ ವೇಗಕ್ಕೆಂದು ಮಾಡಿದ್ದು. ಹಾಗಾಗಿ ನಿಂತ ಕಾರನ್ನು ಎಬ್ಬಿಸಲು ಕ್ಲಚ್ಚನ್ನು ಹೆಚ್ಚು ಹೊತ್ತು ಜಾರಿಸಬೇಕಾಗುತ್ತದೆ. ಇಂಜಿನ್ನಿನ ಬಲವೂ ವಿಪರೀತ. ಓಟದ ಕಣದಲ್ಲಿ ಹೊರಟರೆ ಹೊರಟಿತು. ಊರೊಳಗೆ ಹತ್ತು ಸಲ ನಿಂತು ಹೊರಡುವಾಗ ಪ್ಲೇಟು ಸುಟ್ಟುಹೋಗುತ್ತದೆ. ಫೆರಾರಿ ಕಂಪನಿ ಬೆಳೆದದ್ದೇ ಓಟದ ಸ್ಪರ್ಧೆಯಿಂದ. ಅವರ ಕಾರು ಗದ್ದಲದ್ದು, ಒರಟು, ಕ್ಲಚ್ ಸಾಲದು, ಸರಿಮಾಡಿಸಲು ಮತ್ತೆ ಮತ್ತೆ ಮರನೆಲ್ಲೊ ಊರಿನ ಕಾರ್ಖಾನೆಗೇ ಒಯ್ಯಬೇಕು. ಇದು ಲ್ಯಾಂಬೋರ್ಗಿನಿಯವರ ದೂರಾಗಿತ್ತು.

ಹಾಗಾದರೆ ಆ ಜಗಳ? ಮಕ್ಕಳೇ, ಇಲ್ಲಿ ಹುಷಾರಾಗಿರಬೇಕು. ಆ ಮಾತುಕತೆಯ ಕಥೆ ನಮಗೆ ಬಂದಿರುವುದು ಲ್ಯಾಂಬೋರ್ಗಿನಿಯವರ ಕಡೆಯಿಂದಲೇ. ವಯಸ್ಸಾದ ಮೇಲೆ ಅವರು ಸಂದರ್ಶನಗಳಲ್ಲಿ ಹೇಳಿದರು, ಮನೆಯವರೂ ಹೇಳುತ್ತ ಬಂದರು. ಎಂಜೊ ಫೆರಾರಿ 1988ರಲ್ಲಿ ತೀರಿಕೊಂಡಿದ್ದರು. ಹೇಳುವವರು ಬದಲಾದಂತೆ ಮಾತೂ ಬದಲಾಗುತ್ತದೆ. ಒಂದು ಕಥೆಯಲ್ಲಿ ಫೆರಾರಿಯೊಳಗೆ ಟ್ರ್ಯಾಕ್ಟರಿನದೇ ಕ್ಲಚ್ ಸಿಕ್ಕಿತು. ಇನ್ನೊಂದರಲ್ಲಿ ಲ್ಯಾಂಬೋರ್ಗಿನಿಯವರೇ ತಮ್ಮಲ್ಲಿದ್ದ ದೊಡ್ಡ ಕ್ಲಚ್ ಹಾಕಿ ಸರಿಮಾಡಿಕೊಂಡರು. ಎರಡೂ ಒಂದೇ ಅಲ್ಲ, ಅಲ್ಲವೇ?

ಬರೀ ಸಿಟ್ಟಿನಿಂದ ಕಾರ್ಖಾನೆ ಏಳುವುದಿಲ್ಲ. ಯುದ್ಧದ ನಂತರದ ಇಟಲಿ ಆಗ ವೇಗವಾಗಿ ಬೆಳೆಯುತ್ತಿತ್ತು. ದುಬಾರಿ ಕಾರು ಕೊಳ್ಳುವವರಿದ್ದರು, ಲಾಭವಿತ್ತು. ಇವರ ಕೈಯಲ್ಲಿ ಹಣವಿತ್ತು, ಕಾರ್ಖಾನೆ ನಡೆಸಿದ ಅನುಭವವಿತ್ತು. ಫೆರಾರಿ ಬಿಟ್ಟು ಬಂದ ಜೋತ್ತೊ ಬಿಜ್ಜರೀನಿ ಎಂಬ ಇಂಜಿನಿಯರ್ ಹನ್ನೆರಡು ಸಿಲಿಂಡರಿನ ಇಂಜಿನ್ ಮಾಡಿಕೊಟ್ಟರು. ದಲ್ಲಾರ, ಸ್ತಾಂಜಾನಿ ಎಂಬ ತರುಣರು ಜೊತೆಯಾದರು. 1963ರಲ್ಲಿ ಸಂತಾಗತ ಬೊಲೊನ್ಯೇಸೆ ಎಂಬಲ್ಲಿ ಕಂಪನಿ ಶುರುವಾಯಿತು. ಅದೇ ವರ್ಷ ಟ್ಯೂರಿನ್ ಪ್ರದರ್ಶನಕ್ಕೆ ಮೊದಲ ಕಾರು ಒಯ್ದಾಗ ಇಂಜಿನ್ ಒಳಗೆ ಹಿಡಿಸಲೇ ಇಲ್ಲವಂತೆ. ತೂಕಕ್ಕೆ ಇಟ್ಟಿಗೆ ತುಂಬಿ, ಬಾನೆಟ್ ತೆರೆಯದೆಯೇ ಪ್ರದರ್ಶನ ಮುಗಿಸಿದರು! ಮಾರಾಟದ ಕಾರು 350 ಜಿಟಿ ಬಂದದ್ದು 1964ರಲ್ಲಿ.

ಮುಂದಿನ ಸಂಗತಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡಿತು. ಕ್ಲಚ್ ದೂರಿನಿಂದ ಹುಟ್ಟಿತೆನ್ನುವ ಕಂಪನಿಯೇ ಕ್ಲಚ್ ಬದಲಿಸಲು ಮಹಾ ಕಷ್ಟವಾದ ಕಾರನ್ನೂ ಮಾಡಿತು. 1974ರಿಂದ 1990ರವರೆಗೆ ತಯಾರಾದ ಕೌಂಟಾಶ್ ಕಾರಿನಲ್ಲಿ ಇಂಜಿನ್ ಸೀಟಿನ ಹಿಂದೆ ಇದೆ. ಗೇರ್ ಬಾಕ್ಸ್ ಅದರ ಮುಂದೆ, ಎರಡು ಸೀಟುಗಳ ನಡುವೆ ಚಾಚಿಕೊಂಡಿದೆ. ಭಾರ ಹದವಾಗಿ ಹಂಚಲು, ಗೇರ್ ನೇರವಾಗಿ ಕೈಗೆ ಸಿಗಲು ಸ್ತಾಂಜಾನಿ ಮಾಡಿದ ಜಾಣ ಏರ್ಪಾಡು ಅದು. ಆದರೆ ಕ್ಲಚ್ ಇವೆರಡರ ನಡುವೆ ಹೂತುಹೋಯಿತು. ಅದನ್ನು ಮುಟ್ಟಬೇಕಾದರೆ ಸಾಮಾನ್ಯವಾಗಿ ಆ ಭಾರೀ ಇಂಜಿನ್ನನ್ನೇ ಹೊರಗೆ ಇಳಿಸಬೇಕು. ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್ ಕಾರಿಗೂ ಇದೇ ಪಾಡು. 1961ರಲ್ಲಿ ಬಂದ ಆ ಸುಂದರ ಕಾರಿನ ಕ್ಲಚ್ ಪ್ಲೇಟ್ ಬದಲಿಸಲು ಇಂಜಿನ್, ಗೇರ್ ಬಾಕ್ಸ್ ಎರಡನ್ನೂ ಕೂಡಿಯೇ ಎತ್ತಬೇಕು.

ಇಷ್ಟೆಲ್ಲ ಬಿಚ್ಚಿದ ಮೇಲೆ ಬರೀ ಪ್ಲೇಟು ಹಾಕಿ ಮುಚ್ಚುವವನು ಜಾಣನಲ್ಲ. ಫ್ಲೈವೀಲಿನ ಮೈ ಸುಟ್ಟಿದೆಯೇ ನೋಡಬೇಕು. ಬೇರಿಂಗ್ ಬದಲಿಸಬೇಕು. ಎಣ್ಣೆ ಸೋರುವ ಸೀಲ್ ಇದ್ದರೆ ಆಗಲೇ ಹೊಸದು ಹಾಕಬೇಕು, ಹನಿ ಎಣ್ಣೆ ತಾಗಿದರೂ ಹೊಸ ಪ್ಲೇಟು ಜಾರುತ್ತದೆ. ಪ್ಲೇಟು ನಟ್ಟನಡುವೆ ಕೂರದಿದ್ದರೆ ಗೇರ್ ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದೇ ಇಲ್ಲ. ಕೋಟಿ ಬೆಲೆಯ ಕಾರಿಗೂ ನಮ್ಮೂರ ಟ್ರ್ಯಾಕ್ಟರಿಗೂ ಈ ನಿಯಮ ಒಂದೇ. "ಒಂದು ದಿನದ ಅವಸರಕ್ಕ ಮತ್ತೊಮ್ಮೆ ಪೂರಾ ಸೀಳೂದು ಬರ್ತೈತಿ" ಎಂದು ಮಿಸ್ತ್ರಿಯವರು ನಕ್ಕರು.

ಫೆರುಚ್ಚೊ ಅವರ ಕೊನೆ ಏನಾಯಿತು? 1970ರ ದಶಕದ ಆರಂಭದಲ್ಲಿ ಬೊಲಿವಿಯಾ ದೇಶದ ದೊಡ್ಡ ಟ್ರ್ಯಾಕ್ಟರ್ ಆರ್ಡರ್ ರದ್ದಾಗಿ ನಷ್ಟವಾಯಿತು. ಟ್ರ್ಯಾಕ್ಟರ್ ಕಂಪನಿಯನ್ನು ಮಾರಿದರು. ಕಾರು ಕಂಪನಿಯ ಪಾಲನ್ನೂ 1972 ಮತ್ತು 1974ರಲ್ಲಿ ಕೊಟ್ಟುಬಿಟ್ಟರು. ಆಮೇಲೆ ಅಂಬ್ರಿಯಾ ಪ್ರಾಂತದಲ್ಲಿ ಹೊಲ ಮಾಡಿ ತಂದೆಯಂತೆಯೇ ದ್ರಾಕ್ಷಿ ಬೆಳೆದರು. 1993ರಲ್ಲಿ ತೀರಿಕೊಂಡರು. ಆ ಗೂಳಿಯ ಗುರುತಿನ ಕಾರು ಬೇರೆಯವರ ಕೈಯಲ್ಲಿ ಇಂದಿಗೂ ಓಡುತ್ತಿದೆ.

ಮರುವಾರ ತರಗತಿಗೆ ಹೋಗಿ ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಕಪ್ಪು ಹಲಗೆಯ ನಡುವೆ ಗೆರೆ ಎಳೆದು ಒಂದು ಕಡೆ "ಗೊತ್ತಿರುವುದು", ಇನ್ನೊಂದು ಕಡೆ "ಹೇಳಿಕೊಂಡು ಬಂದದ್ದು" ಎಂದು ಬರೆದೆ. ಹುಟ್ಟಿದ ವರ್ಷ, ಕಂಪನಿ ಶುರುವಾದ ವರ್ಷ ಎಡಕ್ಕೆ. ಫೆರಾರಿಯವರ ಅವಮಾನದ ಮಾತು ಬಲಕ್ಕೆ. ಬಲಕ್ಕಿದ್ದದ್ದೆಲ್ಲ ಸುಳ್ಳು ಎಂದಲ್ಲ. ಅದಕ್ಕೆ ಸಾಕ್ಷಿ ಒಂದೇ ಕಡೆಯದು ಎಂದಷ್ಟೇ. ನಮ್ಮ ಊರು, ಗುಡಿ, ಬಾವಿ, ಈ ಗಡಿಯ ಕನ್ನಡ ಶಾಲೆ, ಇವುಗಳ ಬಗ್ಗೆ ಹಿರಿಯರು ಹೇಳುವ ಮಾತುಗಳನ್ನೂ ಹೀಗೆಯೇ ಎರಡು ಸಾಲಿನಲ್ಲಿ ಬರೆದುಕೊಳ್ಳಿ ಎಂದೆ. ಎರಡೂ ಬೇಕು, ಕಲಸಿಬಿಡಬಾರದು.

"ಯುದ್ಧಕಾಲದಲ್ಲಿ ವಾಹನ ರಿಪೇರಿ ಮಾಡುತ್ತಿದ್ದರು" ಎಂಬುದನ್ನು ಎಲ್ಲಿ ಬರೆಯಬೇಕು ಎಂದು ಕೇಳಿದೆ. ಎಡಕ್ಕೆ, ಎಂದು ಮಿಸ್ತ್ರಿಯ ಮಗನೇ ಎದ್ದು ನಿಂತು ಹೇಳಿದ. ಆಮೇಲೆ ಯಾರೂ ಕೇಳದೆಯೇ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೂಲೆಯಲ್ಲಿ ಫ್ಲೈವೀಲ್, ಪ್ಲೇಟು, ಪ್ರೆಶರ್ ಪ್ಲೇಟ್ ಮೂರನ್ನೂ ಬರೆದು, "ನಮ್ಮಪ್ಪ ಹಿಂಗ ಕೂಡಸ್ತಾನ್ರೀ" ಎಂದು ಇಡೀ ತರಗತಿಗೆ ಕ್ಲಚ್ ಪಾಠ ಮಾಡಿದ. ಆ ಚಿತ್ರವನ್ನು ಎರಡು ದಿನ ಯಾರೂ ಅಳಿಸಲಿಲ್ಲ.